ನನ್ನ ಹೆಸರಿನಲ್ಲಿ ಕೊಗ್ಗ ಹಾಕಿದ ಅರ್ಜಿ

ಹಮ್ರಿಯಾ, ಮಸ್ಕತ್
11 ಸೆಪ್ಟೆಂಬರ್ 1989

ಅಣ್ಣನಿಗೆ,

ಕ್ಷೇಮ ಸಮಾಚಾರ ಕೊನೆಗೆ ಬರೆಯುತ್ತೇನೆ, ಬರೆಯುವ ಮನಸ್ಸು ಉಳಿದಿದ್ದರೆ. ಮೊದಲು ಒಂದು ಪ್ರಶ್ನೆ. 1982ರಲ್ಲಿ ನಾನು ಇಲ್ಲಿಗೆ ಹೊರಟ ದಿನ ಕಟಪಾಡಿ ಮನೆಯ ಜಗಲಿಯಲ್ಲಿ ಕೂರಿಸಿ ನಾಲ್ಕು ಬಿಳಿ ಹಾಳೆಗಳ ಕೆಳಗೆ ನನ್ನ ಸಹಿ ಹಾಕಿಸಿಕೊಂಡಿರಿ. "ಪಾಲಿನ ವ್ಯಾಜ್ಯ ಕೋರ್ಟಿನಲ್ಲಿ ಉಂಟು, ನೀನು ಸಮುದ್ರದಾಚೆ ಇರ್ತಿ, ಪ್ರತಿ ಸಲ ಸಹಿಗೆ ನಿನ್ನನ್ನು ಎಲ್ಲಿ ಹುಡುಕುವುದು" ಎಂದಿರಿ. ಗಲ್ಫಿಗೆ ಹೊರಟ ನಮ್ಮ ಕಡೆಯವರೆಲ್ಲ ಮನೆಯವರ ಕೈಯಲ್ಲಿ ಹೀಗೆ ಸಹಿ ಇಟ್ಟು ಬರುತ್ತಾರೆ. ನಾನೂ ಇಟ್ಟು ಬಂದೆ. ಎರಡು ಹಾಳೆ ತಾಲೂಕು ಕಚೇರಿಗೆ, ಒಂದು ಸೊಸೈಟಿಗೆ ಹೋಯಿತೆಂದು ನೀವೇ ಬರೆದಿದ್ದೀರಿ. ನಾಲ್ಕನೆಯದು ಎಲ್ಲಿ?

ಎಲ್ಲಿದೆಯೆಂದು ನನಗೆ ಗೊತ್ತಾಗಿದೆ. ನಿಮ್ಮ ಬಾಯಿಂದ ಕೇಳಬೇಕು, ಅಷ್ಟೇ.

ಮೊನ್ನೆ ಬುಧವಾರ ಕ್ಲಿನಿಕ್ಕಿಗೆ ಇಸ್ಮಾಯಿಲ್ ಬಂದಿದ್ದರು. ಉಳ್ಳಾಲದವರು, ಇಮಿಗ್ರೇಶನ್ ಆಫೀಸಿನ ಎದುರು ಅರಬಿಯಲ್ಲಿ ಫಾರ್ಮು ಟೈಪ್ ಮಾಡುವ ಅಂಗಡಿ ಇಟ್ಟಿದ್ದಾರೆ. ಅವರ ಬೆರಳಿನ ಗಾಯಕ್ಕೆ ನಾನೇ ಡ್ರೆಸ್ಸಿಂಗ್ ಮಾಡುವುದು. ಪಟ್ಟಿ ಕಟ್ಟುತ್ತಿರುವಾಗ ನಗುತ್ತಾ, "ಉಮಕ್ಕ, ಸೂರ್‌ಗೆ ಗಂಡನ ಹತ್ರ ಹೋಗ್ತೀರಂತೆ. ಒಂದು ಮಾತು ಹೇಳ್ಲಿಲ್ಲ ಅಲ್ಲ?" ಎಂದರು. ಯಾರು ಹೇಳಿದ್ದು ಎಂದೆ. "ಯಾರು ಹೇಳುದು ಎಂತ? ಫಾರ್ಮ್ ನಾನೇ ಟೈಪ್ ಮಾಡಿದ್ದು. ನಿಮ್ಮ ಕಾಗದವೂ ಉಂಟಲ್ಲ ಅದರೊಟ್ಟಿಗೆ."

ನನ್ನ ಕಾಗದದಲ್ಲಿ ಏನಿದೆ ಎಂದು ಅವರನ್ನೇ ಕೇಳಬೇಕಾಯಿತು. ಉಮಾವತಿಯಾದ ನಾನು ಇನ್ನು ಮುಂದೆ ಕೆಲಸ ಮಾಡಲು ಇಚ್ಛಿಸುವುದಿಲ್ಲ, ನನ್ನ ಕೆಲಸದ ವೀಸಾ ರದ್ದು ಮಾಡಿ ಸೂರ್‌ನಲ್ಲಿರುವ ಗಂಡ ಕೊಗ್ಗನ ಮನೆಯವಳಾಗಿ ಸೇರಿಸಿಕೊಳ್ಳಬೇಕು, ಹೀಗೆಂದು ಇಂಗ್ಲಿಷಿನಲ್ಲಿ ಟೈಪಾಗಿದೆಯಂತೆ. ಕೆಳಗೆ ನನ್ನ ಸಹಿ, ಉದ್ದ ಬಾಲದ 'ತಿ'. ಆ ಬಾಲವನ್ನು ನಾನು ಬ್ಯಾಂಕಿನವರು ನಕ್ಕ ಮೇಲೆ ಐದು ವರ್ಷದ ಹಿಂದೆಯೇ ಬಿಟ್ಟಿದ್ದೇನೆ. ಕೊಗ್ಗ ಆ ಕಾಗದ ಹಿಡಿದುಕೊಂಡು ಬಂದು ನಮ್ಮ ಮ್ಯಾನೇಜರ ಹತ್ತಿರ ಅಭ್ಯಂತರವಿಲ್ಲ ಎಂದು ಬರೆಸಿಕೊಂಡು ಹೋಗಿದ್ದಾನೆ. ಗೋಡೆಯ ಆಚೆ ನಾನು ಕೆಲಸ ಮಾಡುತ್ತಿದ್ದೆ. ಮ್ಯಾನೇಜರನ್ನು ಕೇಳಿದರೆ, "ಗಂಡ ಬಂದು ಕೇಳಿದರೆ ಇಲ್ಲ ಎನ್ನಲಾಗುತ್ತದಾ ಸಿಸ್ಟರ್" ಎಂದು ನನ್ನನ್ನೇ ಕೇಳಿದ. ಅವನ ಮುಖ ನೋಡಿದರೆ ಊಟ ಸೇರುವುದಿಲ್ಲ ಈಗ.

ನಾಲ್ಕನೆಯ ಹಾಳೆ ನಿಮ್ಮ ಪೆಟ್ಟಿಗೆಯಲ್ಲಿತ್ತು. ಸೂರ್‌ಗೆ ತಾನಾಗಿ ನಡೆದು ಬರಲಿಲ್ಲ. ಉತ್ತರ ಬರೆಯಿರಿ.

ನಿಮ್ಮ ತಂಗಿ,
ಉಮಾ


ಕಟಪಾಡಿ
26 ಸೆಪ್ಟೆಂಬರ್ 1989

ಪ್ರೀತಿಯ ತಂಗಿ ಉಮಾವತಿಗೆ,

ಇಲ್ಲಿ ಮಳೆ ಬಿಟ್ಟಿದೆ, ಮಕ್ಕಳ ಕೆಮ್ಮು ಬಿಟ್ಟಿಲ್ಲ. ಉಳಿದಂತೆ ದೇವರು ನಡೆಸಿದ ಹಾಗೆ. ನಿನ್ನ ಅತ್ತಿಗೆ ಲೋಲಾಕ್ಷಿ ನೀನು ಕಳಿಸಿದ ಸೀರೆಯನ್ನು ಚೌತಿಗೆ ಉಟ್ಟಳು. ಎಲ್ಲರೂ ನಿನ್ನನ್ನು ನೆನೆಸಿದರು.

ನಿನ್ನ ಪತ್ರ ಓದಿ ಬಹಳ ಬೇಸರವಾಯಿತು. ಅಣ್ಣನಿಗೆ ಬರೆಯುವ ಧಾಟಿ ಅದಲ್ಲ. ಆದರೂ ದೊಡ್ಡವನು ನಾನು, ಮರೆತಿದ್ದೇನೆ.

ಕೊಗ್ಗ ಭಾವನಿಗೆ ಸಕ್ಕರೆ ಕಾಯಿಲೆ ಏರಿರುವುದು ನಿನಗೆ ತಿಳಿದಿಲ್ಲವೆಂದು ಕಾಣುತ್ತದೆ. ಬಲಗಾಲಿನಲ್ಲಿ ಹುಣ್ಣಾಗಿ ಐದು ತಿಂಗಳಾಯಿತು, ವಾಸಿಯಾಗುತ್ತಿಲ್ಲ. ಲಾಂಚಿನ ಇಂಜಿನ್ ರಿಪೇರಿ ಮಾಡುವವನು ಒಂದೇ ಕಾಲಿನಲ್ಲಿ ಎಷ್ಟು ದಿನ ನಿಂತಾನು? ಅವನ ಅರಬಿ ದೊಡ್ಡ ಮನಸ್ಸು ಮಾಡಿ, ಹೆಂಡತಿಯನ್ನು ಕರೆಸಿಕೋ, ಕ್ವಾರ್ಟರ್ಸ್ ಕೊಡುತ್ತೇನೆ ಎಂದಿದ್ದಾನೆ. ನೀನು ಕಲಿತದ್ದೇ ಹುಣ್ಣು ತೊಳೆದು ಕಟ್ಟುವ ಕೆಲಸ. ಹೊರಗಿನವರಿಗೆ ಮಾಡುವುದನ್ನು ಕಟ್ಟಿಕೊಂಡವನಿಗೆ ಮಾಡಿದರೆ ಕೈ ಸವೆಯುವುದಿಲ್ಲ. ಒಂದೇ ದೇಶದಲ್ಲಿ ಗಂಡ ಹೆಂಡತಿ ಬೇರೆ ಬೇರೆ ಊರಿನಲ್ಲಿದ್ದರೆ ಇಲ್ಲಿ ನಾಲ್ಕು ಜನ ಏನೆಲ್ಲ ಕೇಳುತ್ತಾರೆ, ಉತ್ತರ ಕೊಡುವವನು ನಾನು.

ಹಾಳೆಯ ವಿಷಯ. ನಿನ್ನ ಒಳ್ಳೆಯದಕ್ಕೆಂದು ಇಟ್ಟುಕೊಂಡದ್ದು, ಒಳ್ಳೆಯದಕ್ಕೇ ಬಳಕೆಯಾಗಿದೆ. ಅಮ್ಮ ಬದುಕಿದ್ದರೆ ಇದನ್ನೇ ಹೇಳುತ್ತಿದ್ದಳು. ಹಠ ಬಿಡು. ಸೂರ್‌ಗೆ ಹೋದ ಮೇಲೆ ಅಲ್ಲಿನ ವಿಳಾಸ ಬರೆ.

ಆಶೀರ್ವಾದಗಳೊಂದಿಗೆ,
ನಿನ್ನ ಅಣ್ಣ ಸೇಸಪ್ಪ


ಹಮ್ರಿಯಾ
8 ಅಕ್ಟೋಬರ್ 1989

ಅಣ್ಣ,

ಅಮ್ಮನ ಹೆಸರು ಎತ್ತಿದಿರಿ, ಎತ್ತಬಾರದಿತ್ತು. ನಮ್ಮ ಅಮ್ಮ ಮದುವೆಯಾಗಿ ಎಲ್ಲಿಗೂ ಹೋದವಳಲ್ಲ. ತನ್ನ ತಾಯಿಯ ಮನೆಯಲ್ಲೇ ಇದ್ದಳು, ಅಪ್ಪ ಸಂಜೆ ಬರುತ್ತಿದ್ದರು, ಬೆಳಿಗ್ಗೆ ಹೋಗುತ್ತಿದ್ದರು. ಒಂದು ಸಲ ಅಪ್ಪ ಕೈ ಎತ್ತಿದ್ದಕ್ಕೆ ಅಜ್ಜಿ ಅವರ ಚಪ್ಪಲಿಯನ್ನು ಅಂಗಳದಾಚೆ ಇಟ್ಟು ಬಂದದ್ದು, ಮೂರು ತಿಂಗಳು ಅವರು ಮೆಟ್ಟಿಲು ಹತ್ತದೇ ಇದ್ದದ್ದು ನಿಮಗೆ ನೆನಪಿಲ್ಲವೇ? ಆ ಮನೆಯಲ್ಲಿ ಹುಟ್ಟಿದ ಗಂಡಸು ತಂಗಿಯನ್ನು ಇನ್ನೊಬ್ಬನ ಫಾರ್ಮಿನಲ್ಲಿ ಬರೆಸುತ್ತಾನೆಂದರೆ ನನಗೆ ಅಸಹ್ಯ ಹತ್ತುತ್ತದೆ. ಬೇರೆ ಶಬ್ದ ಹುಡುಕಿದೆ, ಸಿಗಲಿಲ್ಲ.

ನಾನು ಈವರೆಗೆ ಬರೆಯದೇ ಇದ್ದದ್ದನ್ನು ಈಗ ಬರೆಯುತ್ತೇನೆ. ವಾದಿ ಕಬೀರ್‌ನ ರೂಮಿನಲ್ಲಿ ಕೊಗ್ಗನೊಟ್ಟಿಗೆ ಎರಡು ವರ್ಷ ಇದ್ದೆ. ಅವನು ಸ್ಪ್ಯಾನರಿನಿಂದ ಹೊಡೆದದ್ದಕ್ಕೆ ಎಡಗೈಯ ಎರಡು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ನಾನು ಬಾಗಿಲಿಗೆ ಸಿಕ್ಕಿತೆಂದು ಬರೆದಿದ್ದೆ, ನೀವು ನಂಬಿದ ಹಾಗೆ ಮಾಡಿದಿರಿ. 84ರಲ್ಲಿ ಕ್ಲಿನಿಕ್ಕಿನ ಕೆಲಸ ಸಿಕ್ಕಿತು. ನನಗೆ ಬೇರೆ ವೀಸಾ ಆಗಲು ಅವನು ಸಹಿ ಹಾಕಬೇಕಿತ್ತು, ಹಾಕಿದ. ನಾನು ಹೊರಗೆ ದುಡಿದರೆ ರೂಮಿನಲ್ಲಿ ಕೂತು ಕುಡಿಯಬಹುದೆಂಬ ಲೆಕ್ಕ. ಅದೇ ವರ್ಷ ಅವನು ಸೂರ್‌ಗೆ ಹೋದ. ಅಂದಿನಿಂದ ನಾನು ಮನುಷ್ಯರ ಹಾಗೆ ನಿದ್ರೆ ಮಾಡುತ್ತಿದ್ದೇನೆ.

ಹುಣ್ಣಿನ ಮಾತು. ದಿನಕ್ಕೆ ಮೂವತ್ತು ಜನರ ಹುಣ್ಣು ತೊಳೆಯುತ್ತೇನೆ. ಕೀವು, ಹುಳ, ಕೊಳೆತ ಉಗುರು, ಯಾವುದಕ್ಕೂ ಹೇಸಿದವಳಲ್ಲ. ಅವರಲ್ಲಿ ಒಬ್ಬನೂ ನನಗೆ ಹೊಡೆದವನಲ್ಲ.

ಈಗ ಕಾನೂನಿನ ಮಾತು, ನಿಮಗೆ ಅರ್ಥವಾಗುವ ಹಾಗೆ ಬರೆಯುತ್ತೇನೆ. ನನ್ನ ಕೆಲಸದ ವೀಸಾ ನವೆಂಬರ್ 30ಕ್ಕೆ ಮುಗಿಯುತ್ತದೆ. ಕೊಗ್ಗನ ಅರ್ಜಿ ಆಫೀಸಿನಲ್ಲಿ ಬಾಕಿ ಇರುವವರೆಗೆ ಕ್ಲಿನಿಕ್ಕಿನವರು ಅದನ್ನು ಮುಂದುವರಿಸಲು ಕಾಗದ ಹಾಕುವ ಹಾಗಿಲ್ಲ, ಒಬ್ಬಳಿಗೆ ಎರಡು ಫೈಲ್ ನಡೆಯುವುದಿಲ್ಲವಂತೆ. ಅರ್ಜಿ ಮಂಜೂರಾದರೆ ನನ್ನ ಕೆಲಸ ಹೋಗುತ್ತದೆ. ಮಂಜೂರಾಗದೆ 30 ದಾಟಿದರೆ ನನ್ನ ವಾಸ ಮುರಿಯುತ್ತದೆ, ದೇಶ ಬಿಡಬೇಕು, ಮತ್ತೆ ಎರಡು ವರ್ಷ ಬರುವಂತಿಲ್ಲ. ಆಗ ನನಗೆ ನಲವತ್ತಾಗುತ್ತದೆ. ನಲವತ್ತು ವರ್ಷದ ಡ್ರೆಸ್ಸಿಂಗ್ ನರ್ಸಿಗೆ ಯಾರು ವೀಸಾ ಕಳಿಸುತ್ತಾರೆ? ಊರಿಗೆ ಬಂದರೆ ಇರುವುದೆಲ್ಲಿ? ಅಮ್ಮ ನನಗೆಂದು ಬಿಟ್ಟ ಎರಡು ಕೋಣೆಯ ಗತಿ ಆ ಮೊದಲ ಎರಡು ಹಾಳೆಗಳಲ್ಲಿ ಏನಾಯಿತೆಂದು ನಾನು ಕೇಳಿಲ್ಲ, ನೀವು ಹೇಳಿಲ್ಲ. ಹಮ್ರಿಯಾದ ಈ ಕೋಣೆ, ಜೊತೆಗಿರುವ ರೋಸ್‌ಳದ್ದೊಂದು ನನ್ನದೊಂದು ಮಂಚ, ಇಷ್ಟೇ ನನಗೆ ಇರುವುದು.

ದಾರಿ ಒಂದೇ. ಅರ್ಜಿ ಹಾಕಿದವನೇ ಬೇಡವೆಂದು ಬರೆದುಕೊಡಬೇಕು, ಅವನ ಕಫೀಲ್, ಅಂದರೆ ಅವನಿಗೆ ವೀಸಾ ಕೊಟ್ಟ ಅರಬಿ, ಮೊಹರು ಹಾಕಬೇಕು. 30ರ ಒಳಗೆ ಆದರೆ ನನ್ನ ವಾಸಕ್ಕೆ ಒಂದು ದಿನದ ತೂತೂ ಬೀಳುವುದಿಲ್ಲ. ಕೌಂಟರಿನ ಗುಮಾಸ್ತ ಪಾಪ, ಎರಡು ಸಲ ತಾಳ್ಮೆಯಿಂದ ವಿವರಿಸಿದ. ಕೊಗ್ಗ ನನ್ನ ಮಾತು ಕೇಳುವುದಿಲ್ಲ, ನಿಮ್ಮ ಮಾತು ಕೇಳುತ್ತಾನೆ. ಈ ಪತ್ರ ಸಿಕ್ಕಿದ ದಿನವೇ ಅವನಿಗೆ ಬರೆಯಿರಿ. ಅಣ್ಣನಾಗಿ ಇದೊಂದು ಮಾಡಿ, ಉಳಿದದ್ದನ್ನು ನಾನು ಬಾಯಿ ಬಿಟ್ಟು ಎಲ್ಲೂ ಹೇಳುವುದಿಲ್ಲ.

ಉಮಾ


ಸೂರ್
20 ಅಕ್ಟೋಬರ್ 1989

ಉಮಾವತಿಗೆ,

ನೀನು ಅಲ್ಲಿ ಇಲ್ಲಿ ಕೇಳುತ್ತಿದ್ದಿ ಎಂದು ಗೊತ್ತಾಯಿತು. ಅರ್ಜಿ ಹಾಕಿದ್ದು ಹೌದು. ನಿನ್ನ ಅಣ್ಣನೂ ಒಪ್ಪಿದ್ದಾನೆ. ಕಾಲು ದಿನದಿಂದ ದಿನಕ್ಕೆ ಹಾಳಾಗುತ್ತಿದೆ. ಇಲ್ಲಿಯವರು ಒಂದೇ ರೂಮಿನಲ್ಲಿ ಮಲಗುವುದಿಲ್ಲ, ವಾಸನೆ ಬರುತ್ತದೆ ಎನ್ನುತ್ತಾರೆ. ನಾನು ಕುಡಿಯುವುದು ಕಡಿಮೆ ಮಾಡಿದ್ದೇನೆ.

ಅರ್ಜಿ ತೆಗೆಯಬೇಕಾದರೆ ಇಲ್ಲಿಗೆ ಬಾ. ಒಂದು ತಿಂಗಳು ಇದ್ದು ಕಾಲು ನೋಡು. ಆಮೇಲೆ ನೋಡುವ. ಬರದಿದ್ದರೆ ಡಿಸೆಂಬರಿನಲ್ಲಿ ಪೊಲೀಸರು ನಿನ್ನನ್ನು ವಿಮಾನ ಹತ್ತಿಸುತ್ತಾರೆ. ನನಗೆ ನಷ್ಟ ಇಲ್ಲ. ಬರುವಾಗ ಹತ್ತಿ ಮತ್ತು ಆ ಕಂದು ಮದ್ದು ತಾ.

ಕೊಗ್ಗ


ಹಮ್ರಿಯಾ
4 ನವೆಂಬರ್ 1989

ಸೇಸಪ್ಪನಿಗೆ,

ಅಣ್ಣ ಎಂದು ಬರೆದು ಹೊಡೆದು ಹಾಕಿದೆ. ನೀವು ಎನ್ನಲೂ ಕೈ ಬರುತ್ತಿಲ್ಲ. ನಿನಗಿಂತ ಹದಿನೈದು ವರ್ಷ ದೊಡ್ಡ ರೋಗಿಗಳಿಗೆ ಕೊಡುವ ಮರ್ಯಾದೆ ಅದು, ನಿನಗೆ ಇಂದಿನಿಂದ ಇಲ್ಲ.

ನಿನ್ನಿಂದ ಉತ್ತರ ಬರಲಿಲ್ಲ. ಯಾಕೆ ಬರಲಿಲ್ಲವೆಂದು ನಿನ್ನೆ ತಿಳಿಯಿತು. ಶುಕ್ರವಾರ ಇಸ್ಮಾಯಿಲ್ ಅವರ ಹೆಂಡತಿ ಹವ್ವಮ್ಮ ಊಟಕ್ಕೆ ಕರೆದಿದ್ದರು. ಊಟ ಮುಗಿದ ಮೇಲೆ ಇಸ್ಮಾಯಿಲ್, "ಉಮಕ್ಕ, ಹೇಳ್ಬಾರ್ದು, ಇದು ಗಿರಾಕಿಯ ಕೆಲ್ಸ. ಆದ್ರೆ ನಿಮ್ಮ ಗಂಡನ ಅರಬಿ ಇನ್ನೊಂದು ಫಾರ್ಮ್ ತಂದು ಕೊಟ್ಟಿದ್ದಾನೆ. ಸೇಸಪ್ಪ ಅಂತ ಹೆಸರು, ಕಟಪಾಡಿ. ನಿಮ್ಮವರಾ?" ಎಂದರು.

ನಮ್ಮವರು ಎಂದೆ.

ಕೊಗ್ಗನಿಗೆ ನನ್ನನ್ನು ಕೊಟ್ಟರೆ ನಿನಗೆ ಸೂರ್‌ಗೆ ವೀಸಾ. ಇಷ್ಟೇ ಅಲ್ಲವೇ ವ್ಯವಹಾರ? ಹಂಚಿನ ಕಾರ್ಖಾನೆ ಮುಚ್ಚಿ ಎರಡು ವರ್ಷವಾಯಿತು, ಲೆಕ್ಕ ಬರೆಯುವ ರೈಟರ್ ಕೆಲಸ ಹೋಯಿತು, ಮನೆಯಲ್ಲಿ ಕೂತಿದ್ದಿ. ನನಗೆ ಗೊತ್ತಿಲ್ಲದ ಸಂಗತಿಯಲ್ಲ. ವೀಸಾ ಬೇಕೆಂದು ನನ್ನನ್ನು ಕೇಳಿದ್ದರೆ ಕಂಡವರ ಕಾಲು ಹಿಡಿದಾದರೂ ತರಿಸುತ್ತಿದ್ದೆ. ನೀನು ಕೇಳಲಿಲ್ಲ. ತಂಗಿಯ ಹತ್ತಿರ ಕೇಳಲು ಮರ್ಯಾದೆ ಅಡ್ಡ ಬಂತು, ತಂಗಿಯನ್ನು ಕೊಡಲು ಬರಲಿಲ್ಲ. ಗಂಡನ ಸೇವೆ, ನಾಲ್ಕು ಜನ, ಅಮ್ಮ ಬದುಕಿದ್ದರೆ ಎಂದೆಲ್ಲ ಬರೆದಿಯಲ್ಲ, ಆ ಪತ್ರವನ್ನು ನಿನ್ನೆ ತೆಗೆದು ಇನ್ನೊಮ್ಮೆ ಓದಿದೆ. ಓದಿದ ಮೇಲೆ ಡೆಟಾಲ್ ಹಾಕಿ ಕೈ ತೊಳೆದೆ. ರೋಸ್ ನಕ್ಕಳು, ನನಗೆ ನಗು ಬರಲಿಲ್ಲ.

ಇನ್ನೊಂದು ದಾರಿಯೂ ಉಂಟು, ಅದನ್ನೂ ಕೇಳಿಕೋ. ಆ ಕಾಗದ ನನ್ನದಲ್ಲ, ಖಾಲಿ ಹಾಳೆಯಲ್ಲಿ ಹಾಕಿದ್ದ ಸಹಿಯ ಮೇಲೆ ಬೇರೆಯವರು ಟೈಪ್ ಮಾಡಿದ್ದಾರೆ ಎಂದು ಪೊಲೀಸರಿಗೆ ಬರೆದುಕೊಟ್ಟರೆ ಕೊಗ್ಗ ಒಳಗೆ ಹೋಗುತ್ತಾನೆ. ಹಾಳೆ ಕಳಿಸಿದವನ ಹೆಸರು ಕೇಳುತ್ತಾರೆ, ನಿನ್ನ ಫಾರ್ಮೂ ಅಲ್ಲಿಗೆ ಖಲಾಸ್. ವಿಚಾರಣೆ ಮುಗಿಯುವುದರೊಳಗೆ ನನ್ನ 30 ದಾಟುತ್ತದೆ ಎಂಬುದೊಂದೇ ನನ್ನ ಕೈ ಹಿಡಿದಿರುವುದು.

ಉಮಾವತಿ


ಕಟಪಾಡಿ
15 ನವೆಂಬರ್ 1989

ಉಮಾ,

ನಿನ್ನ ಪತ್ರವನ್ನು ಲೋಲಾಕ್ಷಿಗೆ ತೋರಿಸಲಿಲ್ಲ. ಹರಿದು ಒಲೆಗೆ ಹಾಕಿದೆ.

ಹೌದು, ವೀಸಾಕ್ಕಾಗಿಯೇ. ಸುಳ್ಳು ಹೇಳಿ ಏನು ಮಾಡಲಿ? ನಲವತ್ತಾರು ವರ್ಷದವನಿಗೆ ಇಲ್ಲಿ ಯಾರು ಕೆಲಸ ಕೊಡುತ್ತಾರೆ? ನೀನು ಬರುವಾಗೆಲ್ಲ ಊರಿನವರು ಉಮಕ್ಕ ಬಂದರು ಎಂದು ಗೇಟಿನವರೆಗೆ ಬರುತ್ತಾರೆ, ನಾನು ನಿನ್ನ ಪೆಟ್ಟಿಗೆ ಹೊರುತ್ತೇನೆ. ನೀನು ಕೊಟ್ಟ ವಾಚು ಕಟ್ಟಿಕೊಂಡು, ನೀನು ಕೊಟ್ಟ ಶರ್ಟು ಹಾಕಿಕೊಂಡು ಓಡಾಡುವವನ ಹೊಟ್ಟೆಯೊಳಗೆ ಏನಿರುತ್ತದೆಂದು ನಿನಗೆ ಗೊತ್ತಿಲ್ಲ. ಸ್ಟೋರ್ ಕೀಪರ್ ಕೆಲಸ, ಲೆಡ್ಜರ್ ಬರೆಯುವುದು ಎಂದು ಭಾವ ಹೇಳಿದ. ನನಗೆ ಬರುವ ಕೆಲಸ ಅದೊಂದೇ.

ಪೊಲೀಸಿಗೆ ಹೋಗಬೇಡ. ಭಾವನಿಗೆ ಬರೆಯಲು ಮೂರು ಸಲ ಕೂತೆ, ಆಗಲಿಲ್ಲ. ಬರೆದರೆ ನನ್ನದೂ ಹೋಗುತ್ತದೆ. ನೀನು ಬುದ್ಧಿವಂತೆ, ಏನಾದರೂ ದಾರಿ ಹುಡುಕುತ್ತಿ.

ನಿನ್ನ ಅಣ್ಣನೇ,
ಸೇಸಪ್ಪ


ಹಮ್ರಿಯಾ
5 ಡಿಸೆಂಬರ್ 1989

ಸೇಸಪ್ಪನಿಗೆ,

ನಿನ್ನ ಪತ್ರ ಕೈಗೆ ಸಿಗುವಾಗ ನಾನು ದಾರಿ ಹುಡುಕಿ ಆಗಿತ್ತು. ನಡೆದದ್ದನ್ನು ಬರೆಯುತ್ತೇನೆ, ಯಾಕೆಂದರೆ ಇದರಲ್ಲಿ ನಿನಗೆ ಸಂಬಂಧಪಟ್ಟದ್ದೂ ಉಂಟು.

ನವೆಂಬರ್ 23, ಗುರುವಾರ, ಇಸ್ಮಾಯಿಲ್ ತಮ್ಮ ಕಾರಿನಲ್ಲಿ ನನ್ನನ್ನೂ ರೋಸ್‌ಳನ್ನೂ ಸೂರ್‌ಗೆ ಕರೆದುಕೊಂಡು ಹೋದರು. ಕಲ್ಲುದಾರಿಯಲ್ಲಿ ಐದು ಗಂಟೆ. ನನ್ನ ಚೀಲದಲ್ಲಿ ಎರಡು ಕಾಗದ. ಒಂದು, ಅರ್ಜಿ ಬೇಡವೆಂದು ಕೊಗ್ಗನ ಹೆಸರಿನಲ್ಲಿ ಇಸ್ಮಾಯಿಲ್ ಅರಬಿಯಲ್ಲಿ ಟೈಪ್ ಮಾಡಿದ್ದು. ಇನ್ನೊಂದು ಪೊಲೀಸರಿಗೆ ನನ್ನ ದೂರು.

ಲಾಂಚು ಕಟ್ಟುವ ಜಾಗದ ಹಿಂದೆ ತಗಡಿನ ಸಾಲು, ಕೊನೆಯ ಕೋಣೆ ಕೊಗ್ಗನದು. ಯಾವುದೆಂದು ಕೇಳಬೇಕಾಗಲಿಲ್ಲ, ವಾಸನೆಯೇ ಹೇಳಿತು. ಚಾಪೆಯ ಮೇಲೆ ಕೂತಿದ್ದ. ತೆಳ್ಳಗಾಗಿದ್ದಾನೆ. ನನ್ನನ್ನು ನೋಡಿ, "ಬಂದಿಯಾ. ಅಕ್ಕಿ ಡಬ್ಬದಲ್ಲಿ ಉಂಟು, ಮೀನು ತರಿಸ್ತೇನೆ" ಎಂದ. ಏಳು ವರ್ಷದ ಹಿಂದೆ ಯಾವ ಸ್ವರದಲ್ಲಿ ಹೇಳುತ್ತಿದ್ದನೋ ಅದೇ ಸ್ವರ. ನನ್ನ ಕಣ್ಣು ಆ ಅಕ್ಕಿ ಡಬ್ಬ ಎಲ್ಲಿದೆಯೆಂದು ಹುಡುಕಿತು. ಅದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು.

ಎರಡೂ ಕಾಗದ ಅವನ ಮುಂದೆ ಇಟ್ಟೆ. "ಇದಕ್ಕೆ ನೀನು ಸಹಿ ಹಾಕು. ಇಲ್ಲದಿದ್ದರೆ ಅದಕ್ಕೆ ನಾನು ಹಾಕುತ್ತೇನೆ" ಎಂದೆ. ಅವನು ಇಸ್ಮಾಯಿಲ್ ಮುಖ ನೋಡಿದ. ಇಸ್ಮಾಯಿಲ್, "ಹೌದು ಮಾರ್ರೆ, ಎರಡೂ ಸರಿಯಾಗಿ ಉಂಟು, ನಾನೇ ಟೈಪ್ ಮಾಡಿದ್ದು" ಎಂದರು.

"ನನ್ನ ಕಾಲು ಯಾರು ನೋಡುದು ಹಾಗಾದ್ರೆ?"

"ಸೇಸಪ್ಪ ಬರುತ್ತಾನಲ್ಲ" ಎಂದೆ. ಸುಮ್ಮನೆ ಬಾಯಿಗೆ ಬಂದದ್ದನ್ನು ಹೇಳಿದ್ದೆ.

ಕೊಗ್ಗ ಕಾಗದ ಎತ್ತಿಕೊಂಡ. ಆಮೇಲೆ ನಕ್ಕ. "ಅದೂ ಆಗ್ತದೆ. ಅವ ಸ್ಟೋರ್ ಕೀಪರ್ ಅಂತ ತಿಳ್ಕೊಂಡಿದ್ದಾನೆ. ಇಲ್ಲಿ ಸ್ಟೋರೂ ಇಲ್ಲ, ಎಂತದೂ ಇಲ್ಲ. ಅರಬಿಯ ಮನೆಕೆಲ್ಸಕ್ಕೆ ಅಂತ ವೀಸಾ ತೆಗ್ದದ್ದು." ಹೇಳಿ ಸಹಿ ಹಾಕಿದ. ಅಷ್ಟು ಸುಲಭವಾಗಿ ಮುಗಿಯುತ್ತದೆಂದು ಗೊತ್ತಿದ್ದರೆ ಸೆಪ್ಟೆಂಬರಿನಲ್ಲೇ ನಿನ್ನನ್ನು ಅವನಿಗೆ ಕೊಟ್ಟುಬಿಡುತ್ತಿದ್ದೆ.

ಕಫೀಲ್ ಮುದುಕ. ಅಂಗಳದಲ್ಲಿ ಆಡುಗಳಿಗೆ ಖರ್ಜೂರದ ಬೀಜ ಹಾಕುತ್ತಿದ್ದ. ನಮಗೆ ಕಹ್ವಾ, ಅವರ ಕಾಫಿ, ಕೊಟ್ಟು ಕಾಗದ ಓದಿದ. ಮೊಹರು ತೆಗೆಯುವ ಮೊದಲು ನನ್ನ ಕಡೆ ತಿರುಗಿ ಏನೋ ಕೇಳಿದ. "ನಿಮಗೆ ಇಲ್ಲಿಗೆ ಬರ್ಲಿಕ್ಕೆ ಮನಸ್ಸು ಉಂಟಾ ಅಂತ ಕೇಳ್ತಾರೆ" ಎಂದರು ಇಸ್ಮಾಯಿಲ್. ನಾನು "ಲಾ", ಇಲ್ಲ, ಎಂದೆ. ಮುದುಕ ತಲೆಯಾಡಿಸಿ ಮೊಹರು ಒತ್ತಿದ. ಈ ಮೂರು ತಿಂಗಳಲ್ಲಿ ಈ ಪ್ರಶ್ನೆಯನ್ನು ನನ್ನ ಹತ್ತಿರ ಕೇಳಿದ ಒಬ್ಬನೇ ಮನುಷ್ಯ ಅವನು. ನನ್ನ ಭಾಷೆಯೂ ಬಾರದವನು.

ಹೊರಡುವ ಮೊದಲು ಕೊಗ್ಗನ ಕಾಲಿನ ಬಟ್ಟೆ ಬಿಚ್ಚಿ ನೋಡಿದೆ. ಹೆಬ್ಬೆರಳು ಕಪ್ಪಾಗಿದೆ, ಪಾದದ ಕೆಳಗೆ ಹುಳ. ಕೈ ತಾನಾಗಿ ಮುಂದೆ ಹೋಯಿತು. ಮುಕ್ಕಾಲು ಗಂಟೆ ಕೂತು ತೊಳೆದೆ, ಸತ್ತ ಮಾಂಸ ತೆಗೆದೆ, ಕಟ್ಟಿದೆ, ಆಸ್ಪತ್ರೆಗೆ ಹೋಗು, ಬೆರಳು ತೆಗೆಸು ಎಂದೆ. ಕರುಣೆಯಿಂದ ಮಾಡಿದ್ದಲ್ಲ. ಅಂಥ ಗಾಯ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ತನಗೆ ಬರಬೇಕಾದದ್ದು ಬಂತು ಎಂಬ ಹಾಗೆ ಕೂತಿದ್ದ. ವಾಪಸು ಬರುವಾಗ ಕಾರು ನಿಲ್ಲಿಸಿ ಎರಡು ಸಲ ವಾಂತಿ ಮಾಡಿದೆ. ಕ್ಲಿನಿಕ್ಕಿನ ಐದು ವರ್ಷದಲ್ಲಿ ಯಾವ ರೋಗಿಯಿಂದಲೂ ನನಗೆ ಹಾಗಾಗಿಲ್ಲ. ರೋಸ್ ಬೆನ್ನು ಸವರಿ ನೀರು ಕೊಟ್ಟಳು.

ಶನಿವಾರ ಕಾಗದ ಕೊಟ್ಟೆವು. ಬುಧವಾರ 29ರಂದು ಅರ್ಜಿ ವಾಪಸಾಯಿತೆಂದು ಮೊಹರು ಬಿತ್ತು. ಗುರುವಾರ, ಶುಕ್ರವಾರ ಆಫೀಸಿಗೆ ರಜೆ. ಅಂದೇ ಕೌಂಟರ್ ಮುಚ್ಚುವ ಮೊದಲು ಕ್ಲಿನಿಕ್ಕಿನ ಕಾಗದ ಒಳಗೆ ಹೋಗದಿದ್ದರೆ ಇಷ್ಟೂ ಓಡಿದ್ದು ದಂಡವಾಗುತ್ತಿತ್ತು. ಮ್ಯಾನೇಜರನ್ನು ಕುರ್ಚಿಯಿಂದ ಎಬ್ಬಿಸಿ ನಾನೇ ಕರೆದುಕೊಂಡು ಹೋದೆ. ಹಳೆಯದು ಮುಗಿದ ಮರುದಿನದಿಂದ ಹೊಸದು ಶುರು. ನಡುವೆ ಒಂದು ದಿನವೂ ಇಲ್ಲ.

ಇನ್ನು ನಿನ್ನ ವಿಷಯ. ನಿನ್ನ ವೀಸಾ ಬರುತ್ತದೆ. ಅದರಲ್ಲಿ ಮನೆಕೆಲಸದವ ಎಂದು ಇರುತ್ತದೆ. ಬಂದರೆ ಲೆಡ್ಜರ್ ಇಲ್ಲ, ಕೊಗ್ಗನ ಕಾಲು ಉಂಟು. ಬರುವ ಮೊದಲೇ ಹೇಳುತ್ತಿದ್ದೇನೆ. ನಾಳೆ ಯಾರೂ ಹೇಳಲಿಲ್ಲ ಎನ್ನಬೇಡ. ಬರುವುದು ಬಿಡುವುದು ನಿನಗೆ ಬಿಟ್ಟದ್ದು, ನಿನ್ನನ್ನು ಕೇಳುವವರಾದರೂ ಇದ್ದಾರೆ.

ಉಮಾವತಿ


ಸೂರ್
20 ಮಾರ್ಚ್ 1990

ಉಮಾ,

ಬಂದು ಏಳು ವಾರವಾಯಿತು. ನೀನು ಹೊಟ್ಟೆಕಿಚ್ಚಿನಿಂದ ಬರೆದದ್ದೆಂದು ತಿಳಿದಿದ್ದೆ. ಊರಿನಲ್ಲಿ ಸ್ಟೋರ್ ಕೀಪರ್ ಎಂದು ಎಲ್ಲರಿಗೂ ಹೇಳಿ ಆಗಿತ್ತು, ಲೋಲಾಕ್ಷಿ ಪಾಯಸ ಮಾಡಿ ಹಂಚಿದ್ದಳು. ಹಿಂದೆ ಸರಿಯುವ ಹಾಗಿರಲಿಲ್ಲ.

ಬೆಳಿಗ್ಗೆ ಅರಬಿಯ ಆಡುಗಳು, ಅಂಗಳ ಗುಡಿಸುವುದು, ನೀರು ಹೊರುವುದು. ಸಂಜೆ ಇವನ ಕಾಲು. ಬೆರಳು ತೆಗೆದಿದ್ದಾರೆ, ಆದರೂ ಸೋರುತ್ತದೆ. ಕಟ್ಟುವಾಗ ನೋವಾದರೆ ಬೈಯುತ್ತಾನೆ. ಮೊನ್ನೆ ಲೋಟ ಎಸೆದ, ಹಣೆಗೆ ತಾಗಿತು. ಊಟ ಮಾಡಲು ಕೂತರೆ ನನ್ನ ಕೈಯೇ ನಾರುತ್ತದೆ. ನೀನು ಎರಡು ವರ್ಷ ಇವನೊಟ್ಟಿಗೆ ಹೇಗೆ ಇದ್ದಿ?

ಪಾಸ್‌ಪೋರ್ಟ್ ಅರಬಿಯ ಹತ್ತಿರ ಉಂಟು. ನೀನು ವಾಸ ಮುರಿಯದ ಹಾಗೆ ಅರ್ಜಿ ಬಿಡಿಸಿಕೊಂಡೆಯಲ್ಲ, ನನಗೂ ಹಾಗೇ ಏನಾದರೂ ಮಾಡಿಸು. ಊರಿಗೆ ಮಾತ್ರ ಕಳಿಸಬೇಡ, ನಗೆಪಾಟಲಾಗುತ್ತದೆ. ಮಸ್ಕತ್‌ನಲ್ಲಿ ನಿನ್ನ ಕ್ಲಿನಿಕ್ಕಿನಲ್ಲಿ ಗುಡಿಸುವ ಕೆಲಸವಾದರೂ ಸರಿ. ನಾನು ತಪ್ಪು ಮಾಡಿದೆ, ಬರೆದುಬಿಟ್ಟೆ ನೋಡು.

ಸೇಸಪ್ಪ


ಹಮ್ರಿಯಾ
2 ಏಪ್ರಿಲ್ 1990

ಸೇಸಪ್ಪನಿಗೆ,

ಇಸ್ಮಾಯಿಲ್ ಅವರ ಹತ್ತಿರ ಕೇಳಿದೆ. ಕೇಳದೆ ಇಲ್ಲ ಎನ್ನಬಾರದೆಂದು ಕೇಳಿದೆ. ನನ್ನದು ಬಾಕಿ ಇದ್ದ ಅರ್ಜಿ, ಹಿಂದೆ ತೆಗೆಯಬಹುದಿತ್ತು. ನಿನ್ನದು ಮುಗಿದ ಕೆಲಸ. ನೀನೇ ಓದಿ ನೀನೇ ಸಹಿ ಹಾಕಿ ವಿಮಾನ ಹತ್ತಿದ ಮೇಲೆ ಹಿಂದೆ ತೆಗೆಯಲು ಏನೂ ಉಳಿದಿಲ್ಲ. ಕಫೀಲ್ ಬಿಟ್ಟುಕೊಟ್ಟರೆ ಊರಿಗೆ ಹೋಗಬಹುದು. ಊರು ಬೇಡವೆಂದರೆ ಎರಡು ವರ್ಷ ಅಲ್ಲೇ. ಮುದುಕ ಒಳ್ಳೆಯವನು, ಬಾಯಿ ಬಿಟ್ಟು ಕೇಳು.

ಈ ಪತ್ರ ತರುವ ಡ್ರೈವರ್ ಕೈಯಲ್ಲಿ ಹತ್ತಿ, ಗಾಯಕ್ಕೆ ಸುತ್ತುವ ಬಟ್ಟೆ, ಎರಡು ಬಾಟಲಿ ಮದ್ದು, ಒಂದು ಡಬ್ಬ ಕೈಗವಸು ಕಳಿಸಿದ್ದೇನೆ. ಕೈಗವಸು ಹಾಕಿಕೊಂಡು ತೊಳೆ, ಕೈ ನಾರುವುದಿಲ್ಲ. ಹಳೆಯ ಪಟ್ಟಿಯನ್ನು ಎಳೆಯಬೇಡ, ಉಪ್ಪುನೀರು ಹಾಕಿ ನೆನೆಯಲು ಬಿಡು. ಅವನ ಕೈಗೆ ಲೋಟ ಸಿಗದ ಹಾಗೆ ಕೂತುಕೋ. ಎರಡು ವರ್ಷ ನಾನು ಹೇಗೆ ಇದ್ದೆ ಎಂದು ಕೇಳಿದ್ದಿ. ಕಟಪಾಡಿಯಲ್ಲಿ ಒಬ್ಬ ಅಣ್ಣ ಇದ್ದಾನೆ, ಯಾವತ್ತಾದರೂ ಬಂದು ಕರೆದುಕೊಂಡು ಹೋಗುತ್ತಾನೆ ಎಂದು ತಿಳಿದು ಇದ್ದೆ.

ಇಲ್ಲಿಗೆ ಬರಬೇಡ. ಬಂದರೆ ವಾಚ್‌ಮ್ಯಾನ್ ಒಳಗೆ ಬಿಡುವುದಿಲ್ಲ, ಹೇಳಿಟ್ಟಿದ್ದೇನೆ.

ಒಂದು ಮಾತು ಉಳಿಯಿತು. ಇಲ್ಲಿಯ ಫಾರ್ಮುಗಳಲ್ಲಿ ಒಂದು ಖಾನೆ ಇರುತ್ತದೆ, ಸತ್ತರೆ ಯಾರಿಗೆ ತಿಳಿಸಬೇಕೆಂದು. ನನ್ನದರಲ್ಲಿ ಇಷ್ಟು ವರ್ಷ ನಿನ್ನ ಹೆಸರು ಇತ್ತು. ಈ ಸಲ ರೋಸ್‌ಳದ್ದು ಬರೆಸಿದೆ. ನಿನ್ನ ಫಾರ್ಮಿನಲ್ಲಿ ನೀನು ನನ್ನ ಹೆಸರು ಕೊಟ್ಟಿದ್ದಿ ಎಂದು ಇಸ್ಮಾಯಿಲ್ ಹೇಳಿದರು, ತೆಗೆಸಬೇಕಾ ಎಂದು ಕೇಳಿದರು. ಬೇಡ ಎಂದೆ. ನೀನು ಇಲ್ಲಿ ಸತ್ತರೆ ನಿನ್ನನ್ನು ಊರಿಗೆ ಕಳಿಸುವ ಕಾಗದಗಳಿಗೆ ನಾನು ಸಹಿ ಹಾಕುತ್ತೇನೆ. ಬದುಕಿರುವಾಗ ಇನ್ನು ಯಾವುದಕ್ಕೂ ಹಾಕುವುದಿಲ್ಲ.

ಉಮಾವತಿ